ಹಾಲಿಗೊಂದು ಹೊತ್ತು, ಕಬ್ಬಿಣಕ್ಕೊಂದು ಹೊತ್ತು: ಯಾವ ಮಾತ್ರೆ, ಯಾವ ಊಟ, ಯಾವಾಗ?

ಕಬ್ಬಿಣದ ಮಾತ್ರೆ ಹೀಟು, ಹಾಲಿನ ಜೊತೆ ತಗೊಳ್ಳಬೇಕು. ನಮ್ಮ ಕಡೆ ಈ ಮಾತು ಕೇಳದ ಬಸುರಿ ಇಲ್ಲ. ನನ್ನ ಎರಡನೇ ಬಸಿರಿನಲ್ಲಿ ಅತ್ತೆ ದಿನಾ ರಾತ್ರಿ ದೊಡ್ಡ ಲೋಟದಲ್ಲಿ ಹಾಲು ಕಾಯಿಸಿ ತಂದು, ಕೆಂಪು ಮಾತ್ರೆ ಅಂಗೈಗೆ ಹಾಕಿ, ಎದುರಿಗೇ ನಿಲ್ಲುತ್ತಿದ್ದರು. ನುಂಗಿದ್ದು ಕಣ್ಣಾರೆ ನೋಡಿದ ಮೇಲೆಯೇ ದೀಪ ಆರಿಸುತ್ತಿದ್ದದ್ದು. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.1 ಇದ್ದದ್ದು 9.3 ಆಗಿತ್ತು, ಅಷ್ಟೆ. ಡಾಕ್ಟರು ಮೊದಲು ಕೇಳಿದ್ದು, "ಮಾತ್ರೆ ಸರಿಯಾಗಿ ನುಂಗ್ತಾ ಇದೀರಾ?" ಹೂಂ ಅಂದೆ. "ಯಾವುದರ ಜೊತೆ?" ಹಾಲಿನ ಜೊತೆ ಅಂದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

ಅತ್ತೆ ಪ್ರೀತಿಯಿಂದಲೇ ಮಾಡಿದ್ದು. ಆದರೆ ಆ ಪ್ರೀತಿಯ ಲೋಟ ಮಾತ್ರೆಯ ಅರ್ಧ ಕೆಲಸ ಕೆಡಿಸುತ್ತಿತ್ತು.

ಈಗ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿರುವ ನಾದಿನಿಗೆ ಐದು ತಿಂಗಳು. ಹೋದ ವಾರ ಫೋನ್ ಮಾಡಿದ್ದಳು. "ಅತ್ತಿಗೆ, ಆಶಾ ಅಕ್ಕ ಕೆಂಪು ಮಾತ್ರೆ ಕೊಟ್ಟಿದ್ದಾರೆ, ಕ್ಯಾಲ್ಸಿಯಂದು ಬಿಳಿ ಮಾತ್ರೆನೂ ಕೊಟ್ಟಿದ್ದಾರೆ. ಎರಡೂ ಒಟ್ಟಿಗೆ ನುಂಗಿಬಿಡ್ಲಾ?" ಬೇಡ ಅಂದೆ. ಹಾಗಾದ್ರೆ ಯಾವಾಗ ಯಾವುದು ಅಂತ ಕೇಳಿದಳು. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತ ಕಮ್ಮಿ. ಅಂದರೆ ಈ ಪ್ರಶ್ನೆ ಅವಳೊಬ್ಬಳದಲ್ಲ.

ಹಾಲು ಮಾಡುವುದೇನು

ತಿಂದ ಕಬ್ಬಿಣ ರಕ್ತಕ್ಕೆ ಸೇರುವುದು ಹೆಚ್ಚಾಗಿ ಹೊಟ್ಟೆ ದಾಟಿದ ಕೂಡಲೇ ಸಿಗುವ ಸಣ್ಣಕರುಳಿನ ಮೊದಲ ತುಂಡಿನಲ್ಲಿ. ಕರುಳಿನ ಗೋಡೆಯ ಜೀವಕೋಶಗಳು ಒಂದು ಕಡೆಯಿಂದ ಕಬ್ಬಿಣವನ್ನು ಒಳಗೆ ಎಳೆದುಕೊಂಡು, ಇನ್ನೊಂದು ಕಡೆಯಿಂದ ರಕ್ತಕ್ಕೆ ಬಿಡುತ್ತವೆ. ಅದೇ ಹೊತ್ತಿಗೆ ಕ್ಯಾಲ್ಸಿಯಂ ಬಂದು ನಿಂತರೆ ಈ ಕೆಲಸ ನಿಧಾನ ಆಗುತ್ತದೆ. ಚಹಾ, ಕಾಫಿ, ಕಾಳಿನ ಸಿಪ್ಪೆಯಲ್ಲಿರುವ ಫೈಟೇಟ್ ಅನ್ನುವ ಅಂಶ ಇವೆಲ್ಲ ಅಡ್ಡ ಬರುವುದು ಸೊಪ್ಪು, ಕಾಳು, ಧಾನ್ಯದ ಕಬ್ಬಿಣಕ್ಕೆ. ಕ್ಯಾಲ್ಸಿಯಂ ಹಾಗಲ್ಲ. ಅದು ಮಾಂಸದ ಕಬ್ಬಿಣಕ್ಕೂ ಅಡ್ಡ ಬರುತ್ತದೆ. ಆ ವಿಷಯದಲ್ಲಿ ಅದಕ್ಕೆ ಸಸ್ಯಾಹಾರಿ, ಮಾಂಸಾಹಾರಿ ಅನ್ನುವ ಭೇದ ಇಲ್ಲ.

ಎಷ್ಟು ಅಡ್ಡ? ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ 1991ರಲ್ಲಿ ಪ್ರಕಟವಾದ ಅಧ್ಯಯನ ಈ ವಿಷಯದಲ್ಲಿ ಎಲ್ಲರೂ ನೆನೆಯುವಂಥದ್ದು. ಒಂದು ಊಟದ ಜೊತೆ 165 ಮಿ.ಗ್ರಾಂ ಕ್ಯಾಲ್ಸಿಯಂ ಸೇರಿದಾಗ ಕಬ್ಬಿಣ ಹೀರುವುದು 50ರಿಂದ 60 ಶೇಕಡಾ ಇಳಿಯಿತು. ಹಾಲಿನ ರೂಪದಲ್ಲಿ ಕೊಟ್ಟರೂ ಅಷ್ಟೆ, ಚೀಸ್ ಕೊಟ್ಟರೂ ಅಷ್ಟೆ. 40 ಮಿ.ಗ್ರಾಂ ಒಳಗಿದ್ದರೆ ಲೆಕ್ಕಕ್ಕಿಲ್ಲ. ಅಲ್ಲಿಂದ 300ರವರೆಗೆ ಕ್ಯಾಲ್ಸಿಯಂ ಏರಿದ ಹಾಗೆ ಅಡ್ಡಿಯೂ ಏರುತ್ತದೆ. ಆಮೇಲೆ ಹೆಚ್ಚು ವ್ಯತ್ಯಾಸ ಇಲ್ಲ.

ನಮ್ಮ ಲೋಟದ ಲೆಕ್ಕಕ್ಕೆ ತರೋಣ. ಹಸುವಿನ ಹಾಲಿನಲ್ಲಿ 100 ಮಿ.ಲೀ.ಗೆ ಹತ್ತಿರಹತ್ತಿರ 120 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮನೆಯ ಸ್ಟೀಲ್ ಲೋಟಕ್ಕೆ 150 ಮಿ.ಲೀ. ಹಿಡಿದರೂ 180 ಆಯಿತು. ಅತ್ತೆಯ ಲೋಟ ಅದಕ್ಕಿಂತ ದೊಡ್ಡದಿತ್ತು.

ಇಷ್ಟು ಓದಿ ಹಾಲು ಬಿಟ್ಟೇಬಿಡ್ತೀನಿ ಅನ್ನಬೇಡಿ. ಅದೇ ಊರಿನ ಇನ್ನೊಂದು ಪ್ರಯೋಗ 1995ರಲ್ಲಿ ಪ್ರಕಟವಾಯಿತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. 21 ಹೆಂಗಸರು. ಇಡೀ ದಿನದ ಕ್ಯಾಲ್ಸಿಯಂ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಹಾಲು, ಚೀಸನ್ನು ಎರಡು ದೊಡ್ಡ ಊಟಗಳಿಂದ ತೆಗೆದು ಬೆಳಗಿನ ತಿಂಡಿಗೂ ರಾತ್ರಿ ಮಲಗುವ ಮುಂಚಿನ ಹೊತ್ತಿಗೂ ಹಾಕಿದರು, ಅಷ್ಟೆ. ಅಷ್ಟಕ್ಕೇ ಮೈಗೆ ಸೇರಿದ ಕಬ್ಬಿಣ 30ರಿಂದ 50 ಶೇಕಡಾ ಜಾಸ್ತಿ ಆಯಿತು. ತಿಂದದ್ದು ಅದೇ, ಗಡಿಯಾರ ಮಾತ್ರ ಬೇರೆ. ನಾನು ಮುಂದೆ ಹೇಳುವುದೆಲ್ಲ ಇದೇ ಲೆಕ್ಕದ ಮೇಲೆ.

ಮಾತ್ರೆ: ನಾಲ್ಕು ಹೊತ್ತು, ಒಂದು ಆಯ್ಕೆ

ಸರ್ಕಾರದಿಂದ ಬಸುರಿಯರಿಗೆ ಸಿಗುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ. ಕ್ಯಾಲ್ಸಿಯಂ ಮಾತ್ರೆ 500 ಮಿ.ಗ್ರಾಂನದ್ದು, ದಿನಕ್ಕೆ ಎರಡು. ಒಟ್ಟು ಮೂರು ಮಾತ್ರೆ. ಇವನ್ನು ದಿನದಲ್ಲಿ ಹೇಗೆ ಹಂಚುವುದು ಅನ್ನುವುದೇ ಪ್ರಶ್ನೆ.

ಸುಲಭದ ದಾರಿ ಎಲ್ಲ ಒಟ್ಟಿಗೆ ರಾತ್ರಿ ನುಂಗುವುದು. ಮರೆಯುವುದಿಲ್ಲ, ತಲೆನೋವಿಲ್ಲ. ಆದರೆ 500 ಮಿ.ಗ್ರಾಂ ಕ್ಯಾಲ್ಸಿಯಂ ಪಕ್ಕದಲ್ಲೇ ಕಬ್ಬಿಣ ಕೂರಿಸಿದ ಹಾಗೆ. ಸರ್ಕಾರದ ಮಾರ್ಗಸೂಚಿಯೇ ಎರಡನ್ನೂ ಒಟ್ಟಿಗೆ ಕೊಡಬೇಡಿ ಅನ್ನುತ್ತದೆ. ಇದನ್ನು ಬಿಟ್ಟುಬಿಡಿ.

ಇನ್ನೊಂದು, ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಕಬ್ಬಿಣ. ಹೀರಿಕೊಳ್ಳುವ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ತೊಂದರೆ ಎರಡು. ಬಸುರಿಯರಿಗೆ ಬೆಳಿಗ್ಗೆಯೇ ಹೊಟ್ಟೆ ತೊಳಸುವುದು, ಅದರ ಮೇಲೆ ಕಬ್ಬಿಣ ಬಿದ್ದರೆ ಮುಗಿಯಿತು. ಎರಡನೆಯದು ಕಾಫಿ. ಮಲೆನಾಡಿನಲ್ಲಿ ಆರು ಗಂಟೆಗೆ ಎದ್ದು ಏಳರವರೆಗೆ ಕಾಫಿ ಕುಡಿಯದೆ ಕೂರಿ ಅಂದರೆ ಯಾರು ಕೂರುತ್ತಾರೆ ಹೇಳಿ.

ಮೂರನೆಯದು, ರಾತ್ರಿ ಊಟ ಆಗಿ ಎರಡು ಗಂಟೆ ಬಿಟ್ಟು, ಮಲಗುವಾಗ. ಹೊಟ್ಟೆ ತೊಳಸಿದರೂ ನಿದ್ದೆಯಲ್ಲಿ ಗೊತ್ತಾಗುವುದಿಲ್ಲ. ಕ್ಯಾಲ್ಸಿಯಂ ಎರಡನ್ನೂ ತಿಂಡಿಗೆ ಒಂದು, ಮಧ್ಯಾಹ್ನದ ಊಟಕ್ಕೆ ಒಂದು ಅಂತ ಮುಗಿಸಿಬಿಡಬಹುದು. ಕೆಲಸಕ್ಕೆ ಹೋಗುವವರಿಗೆ ಇದೇ ಸರಿ. ಒಂದೇ ಷರತ್ತು, ರಾತ್ರಿಯ ಹಾಲು ನಿಲ್ಲಿಸಬೇಕು. ಜೊತೆಗೆ ಮಧ್ಯಾಹ್ನದ ಊಟದ ಕಬ್ಬಿಣಕ್ಕೂ ಕ್ಯಾಲ್ಸಿಯಂ ಮಾತ್ರೆ ಅಡ್ಡ ಬರುತ್ತದೆ.

ನಾಲ್ಕನೆಯದು ನಾನು ನಾದಿನಿಗೆ ಹೇಳಿದ್ದು. ಎಂಟಕ್ಕೆ ತಿಂಡಿ, ಅದರ ಜೊತೆ ಒಂದು ಕ್ಯಾಲ್ಸಿಯಂ ಮಾತ್ರೆ, ಕಾಫಿ ಬೇಕಾದರೆ ಆಗಲೇ. ಹನ್ನೊಂದಕ್ಕೆ ಕೆಂಪು ಮಾತ್ರೆ, ನೀರಿನ ಜೊತೆ. ಒಂದೂವರೆಗೆ ಊಟ. ರಾತ್ರಿ ಊಟದ ಜೊತೆ ಇನ್ನೊಂದು ಕ್ಯಾಲ್ಸಿಯಂ. ಮಲಗುವಾಗ ಹಾಲು ಬೇಕಾದರೆ ಕುಡಿಯಲಿ, ಯಾರ ಅಡ್ಡಿಯೂ ಇಲ್ಲ. ಮಧ್ಯಾಹ್ನದ ಊಟ ಪೂರ್ತಿ ಕಬ್ಬಿಣಕ್ಕೇ ಉಳಿಯಿತು. ಹನ್ನೊಂದಕ್ಕೆ ಹೇಗೆ ನೆನಪಿಟ್ಟುಕೊಳ್ಳಲಿ ಅಂದಳು. ಅವರ ಮನೆ ಕೆಳಗಿನ ತಿರುವಿನಲ್ಲಿ ದಿನಾ ಅದೇ ಹೊತ್ತಿಗೆ ಪೇಟೆಗೆ ಹೋಗುವ ಬಸ್ಸು ಹಾರನ್ ಹೊಡೆಯುತ್ತದೆ. ಅದು ಕೇಳಿದ ಕೂಡಲೇ ಮಾತ್ರೆ. ಬಸ್ಸು ಕೆಟ್ಟ ದಿನ ನಾನೇ ಫೋನ್ ಮಾಡ್ತೀನಿ ಅಂದಿದ್ದೇನೆ.

ಮಾತ್ರೆ ನುಂಗಲು ನಿಂಬೆ ಶರಬತ್ತೇ ಬೇಕಾ? ಬೇಡ. 2020ರಲ್ಲಿ ಪ್ರಕಟವಾದ ಚೀನಾದ ಒಂದು ಪ್ರಯೋಗದಲ್ಲಿ ಕಬ್ಬಿಣದ ಮಾತ್ರೆಯ ಜೊತೆ ವಿಟಮಿನ್ ಸಿ ಸೇರಿಸಿದವರಿಗೂ ಸೇರಿಸದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನೀರು ಸಾಕು. ವಿಟಮಿನ್ ಸಿ ಕೆಲಸಕ್ಕೆ ಬರುವುದು ಊಟದ ತಟ್ಟೆಯಲ್ಲಿ.

ತಟ್ಟೆ: ತಂಬುಳಿಯೋ, ಅಪ್ಪೆಹುಳಿಯೋ

ಇದು ಮಲೆನಾಡಿನವರು ಜಗಳಕ್ಕೆ ಬರಬಹುದಾದ ವಿಷಯ. ಆದರೂ ಹೇಳುತ್ತೇನೆ.

ನಮ್ಮ ಮಧ್ಯಾಹ್ನದ ಊಟದಲ್ಲಿ ಮೊಸರು, ಮಜ್ಜಿಗೆ ಮೂರು ಕಡೆಯಿಂದ ಬರುತ್ತದೆ. ಮೊದಲಿಗೆ ತಂಬುಳಿ, ನಡುವೆ ಪಳದ್ಯವೋ ಮೊಸರು ಗೊಜ್ಜೋ, ಕೊನೆಗೆ ಮಜ್ಜಿಗೆ ಅನ್ನ. ಒಂದೊಂದೂ ಸಣ್ಣದೇ. ಒಂದೆಲಗವನ್ನು ಕಾಯಿತುರಿ, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ, ನೀರಾದ ಮಜ್ಜಿಗೆ ಬೆರೆಸಿದ ತಂಬುಳಿ ಒಂದು ಸೌಟು ಬಡಿಸಿದರೆ ಅದರಲ್ಲಿ ಮೊಸರಿನ ಪಾಲು ಎರಡು ಮೂರು ಚಮಚ. ಕ್ಯಾಲ್ಸಿಯಂ ಐವತ್ತರ ಆಸುಪಾಸು. ಅಷ್ಟರಿಂದ ಮುಳುಗಿಹೋಗುವುದೇನಿಲ್ಲ. ಆದರೆ ಅದರ ಮೇಲೆ ಗಟ್ಟಿ ಮೊಸರು ಒಂದು ಬಟ್ಟಲು ಬಿದ್ದರೆ ಲೋಟ ಹಾಲು ಕುಡಿದದ್ದಕ್ಕೆ ಸಮ.

ಅಪ್ಪೆಹುಳಿಯಲ್ಲಿ ಮಜ್ಜಿಗೆಯ ಸೋಂಕೇ ಇಲ್ಲ. ಹುಳಿ ಮಾವಿನಕಾಯಿ, ಹಸಿಮೆಣಸು, ಮೇಲೊಂದು ಒಗ್ಗರಣೆ. ಹುಳಿ ಹಣ್ಣಿನ ಆಮ್ಲವೂ ವಿಟಮಿನ್ ಸಿಯೂ ಸೊಪ್ಪು, ಕಾಳಿನ ಕಬ್ಬಿಣವನ್ನು ಕರುಳು ಹೀರುವ ರೂಪದಲ್ಲಿ ಇಡುತ್ತವೆ. ಮಾವಿನಕಾಯಿ ಬೇಯಿಸಿದಾಗ ವಿಟಮಿನ್ ಸಿ ಒಂದಷ್ಟು ಹೋಗುತ್ತದೆ. ಅದಕ್ಕೇ ನಾನು ಒಲೆ ಆರಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡುತ್ತೇನೆ. ಸಂಪ್ರದಾಯದವರು ಕ್ಷಮಿಸಲಿ.

ಹಾಗಾಗಿ ಹರಿವೆ ಸೊಪ್ಪಿನ ಹುಳಿ, ನುಗ್ಗೆಸೊಪ್ಪಿನ ಪಲ್ಯ, ಮೊಳಕೆ ಹುರುಳಿಯ ಸಾರು ಮಾಡಿದ ದಿನ ಪಕ್ಕದಲ್ಲಿ ಅಪ್ಪೆಹುಳಿ ಇರಲಿ. ತಂಬುಳಿ ರಾತ್ರಿಗೆ ಹೋಗಲಿ. ಹುರುಳಿ ಮೊಳಕೆ ಬರಿಸಿದರೆ ಅದರ ಫೈಟೇಟ್ ಕೂಡ ಇಳಿಯುತ್ತದೆ. ಹರಿವೆಯಲ್ಲೂ ನುಗ್ಗೆಯಲ್ಲೂ ಅವುಗಳದ್ದೇ ಕ್ಯಾಲ್ಸಿಯಂ ಸಾಕಷ್ಟಿದೆ, ಅದನ್ನು ಬೇರ್ಪಡಿಸಲು ಆಗುವುದಿಲ್ಲ. ಅದಕ್ಕೇ ಜೊತೆಗೊಂದು ಹುಳಿ ಬೇಕೇ ಬೇಕು. ಊಟ ಆದ ಮೇಲೆ ಹಿತ್ತಲ ಪೇರಳೆಹಣ್ಣು ಒಂದು ತಿಂದರೆ ಇನ್ನೂ ಒಳ್ಳೆಯದು. ಪೇರಳೆ, ನೆಲ್ಲಿಕಾಯಿ ಎರಡರಲ್ಲೂ 100 ಗ್ರಾಂಗೆ 200 ಮಿ.ಗ್ರಾಂ ಮೀರಿ ವಿಟಮಿನ್ ಸಿ ಇದೆ. ಮಧ್ಯಾಹ್ನದ ಮಜ್ಜಿಗೆ ಬಿಡಲು ಮನಸ್ಸಿಲ್ಲದವರು ನಾಲ್ಕು ಗಂಟೆಗೆ ಕುಡಿಯಬಹುದು.

ನೆಲ್ಲಿಕಾಯಿ ತಂಬುಳಿ ಏನು ಮಾಡೋಣ ಅಂತ ನಾದಿನಿ ಕೇಳಿದಳು. ಒಂದೇ ಬಟ್ಟಲಲ್ಲಿ ಎಳೆಯುವವನೂ ತಡೆಯುವವನೂ! ವಿಟಮಿನ್ ಸಿ ಅಡ್ಡಿಯನ್ನು ಸ್ವಲ್ಪ ಮಟ್ಟಿಗೆ ಕಡಿಮೆ ಮಾಡುತ್ತದೆ, ಪೂರ್ತಿ ಅಲ್ಲ. ಆಸೆ ಆದ ದಿನ ತಿನ್ನು ಅಂದೆ.

ಕೋಳಿ, ಮೀನು ತಿನ್ನುವ ಮನೆಯವರಿಗೆ ಅನುಕೂಲ ಜಾಸ್ತಿ. ಮಾಂಸದಲ್ಲಿರುವ ಹೀಮ್ ಕಬ್ಬಿಣ ಸೊಪ್ಪಿನದ್ದಕ್ಕಿಂತ ಎಷ್ಟೋ ಚೆನ್ನಾಗಿ ಮೈಗೆ ಹತ್ತುತ್ತದೆ. ಜೊತೆಗೆ ತಟ್ಟೆಯಲ್ಲಿರುವ ಸೊಪ್ಪಿನ ಕಬ್ಬಿಣವನ್ನೂ ಮೇಲೆತ್ತುತ್ತದೆ. ಕಡುಬು, ಕೋಳಿ ಸಾರು ಮಾಡಿದ ದಿನ ಪಕ್ಕದಲ್ಲಿ ಸೊಪ್ಪಿನ ಪಲ್ಯ ಇಟ್ಟರೆ ಎರಡೂ ಗೆಲ್ಲುತ್ತವೆ. ಮೀನು ತಿಂದ ಮೇಲೆ ಹಾಲು ಮುಟ್ಟಬಾರದು ಅಂತ ಹಿರಿಯರು ಹೇಳುತ್ತಾರಲ್ಲ, ಅವರ ಕಾರಣ ಬೇರೆ. ಆದರೂ ಕಬ್ಬಿಣದ ಮಟ್ಟಿಗೆ ಲಾಭವೇ.

ಕಬ್ಬಿಣದ ಬಾಣಲೆ ಇದ್ದರೆ ಅಟ್ಟದಿಂದ ಇಳಿಸಿ. ಹುಳಿ ಇರುವ ಗೊಜ್ಜು, ಪಲ್ಯವನ್ನು ಅದರಲ್ಲಿ ಬೇಯಿಸಿದರೆ ಬಾಣಲೆಯ ಕಬ್ಬಿಣ ಅಡುಗೆಗೆ ಇಳಿಯುತ್ತದೆ. ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ಹೆದರಬೇಡಿ. 1923ರಲ್ಲೇ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಜಿಲ್ಲೆ ನಮ್ಮದು. ಮನೆಯಲ್ಲಿ ಮಾತ್ರ ಎಲ್ಲರೂ ನಾನ್‌ಸ್ಟಿಕ್ ಇಟ್ಟುಕೊಂಡಿದ್ದೇವೆ.

ಕಾಫಿ ಊಟಕ್ಕೆ ಮೊದಲೋ, ಆಮೇಲೋ

ಇದು ಬೇಗ ಮುಗಿಯುವ ವಿಷಯ. ಮೊದಲು. 1983ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಊಟದ ಜೊತೆ ಕಾಫಿ ಕುಡಿದಾಗ ಕಬ್ಬಿಣ ಹೀರುವುದು 39 ಶೇಕಡಾ, ಚಹಾ ಕುಡಿದಾಗ 64 ಶೇಕಡಾ ಇಳಿಯಿತು. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದರೆ ಏನೂ ಆಗಲಿಲ್ಲ. ಊಟ ಆಗಿ ಒಂದು ಗಂಟೆಗೆ ಕುಡಿದರೆ ಜೊತೆಗೆ ಕುಡಿದಷ್ಟೇ ಪೆಟ್ಟು. ಇಲ್ಲಿ ತಡೆಯುವುದು ಕಾಫಿಯಲ್ಲೇ ಇರುವ ಪಾಲಿಫಿನಾಲ್ ಅನ್ನುವ ಅಂಶ. ಹಾಗಾಗಿ ಹಾಲು ಹಾಕದ ಕಾಫಿ ಕುಡೀತೀನಿ ಅಂದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಊಟದ ಮೇಲಿನ ಕವಳವನ್ನೂ, ಅಂದರೆ ಎಲೆ ಅಡಿಕೆಯನ್ನೂ, ಇದೇ ಸಾಲಿಗೆ ಸೇರಿಸಿ. ಅಡಿಕೆಯಲ್ಲಿ ಟ್ಯಾನಿನ್ ಅನ್ನುವ ಒಗರಿನ ಅಂಶ, ಸುಣ್ಣದಲ್ಲಿ ಕ್ಯಾಲ್ಸಿಯಂ. ಬಸುರಿಯರಿಗೆ ಅಡಿಕೆ ಹೇಗೂ ಬೇಡ. ಅಡಿಕೆ ಬೆಳೆಯುವ ಊರಲ್ಲಿ ಕೂತು ಹೀಗೆ ಬರೆಯುವುದು ಸುಲಭ ಅಲ್ಲ, ಆದರೂ ಬೇಡ. ಗೋಧಿಕಾಳಿನಷ್ಟು ಸುಣ್ಣ ಮೊಸರಲ್ಲಿ ಕಲಸಿ ತಿನ್ನಿ ಅಂತ ವಾಟ್ಸಾಪಿನಲ್ಲಿ ಓಡಾಡುವ ಮೆಸೇಜನ್ನಂತೂ ಡಿಲೀಟ್ ಮಾಡಿ. ಸುಣ್ಣ ಬಾಯಿ, ಅನ್ನನಾಳ ಸುಡುವ ವಸ್ತು.

ಕ್ಯಾಲ್ಸಿಯಂ ಯಾವುದರಿಂದ

ಮಧ್ಯಾಹ್ನದಿಂದ ಮೊಸರು ತೆಗೆದೆವು. ಹಾಗಾದರೆ ದಿನಕ್ಕೆ ಬೇಕಾದ 1000 ಮಿ.ಗ್ರಾಂ ಎಲ್ಲಿಂದ ತರುವುದು? ಅಕ್ಕಿ ಉಣ್ಣುವ ನಮಗೆ ಇದು ಸಣ್ಣ ಪ್ರಶ್ನೆಯಲ್ಲ, ಅಕ್ಕಿಯಲ್ಲಿ ಕ್ಯಾಲ್ಸಿಯಂ ಹೆಸರಿಗಷ್ಟೇ. ರಾಗಿಯಲ್ಲಿ 100 ಗ್ರಾಂಗೆ 350 ಮಿ.ಗ್ರಾಂ ಆಸುಪಾಸು ಇದೆ. ಆದರೆ ರಾಗಿಯನ್ನು ಕಬ್ಬಿಣದ ಊಟಕ್ಕೆ ಕೂರಿಸಬೇಡಿ, ಅದರಲ್ಲಿ ಕ್ಯಾಲ್ಸಿಯಂ, ಫೈಟೇಟ್, ಟ್ಯಾನಿನ್ ಮೂರೂ ಇವೆ. ರಾಗಿ, ಹಾಲು, ಕಾಫಿ ಈ ತಡೆಯುವವರನ್ನೆಲ್ಲ ಒಂದೇ ಹೊತ್ತಿಗೆ ಕೂಡಿಹಾಕುವುದೇ ನನ್ನ ಉಪಾಯ. ಬೆಳಗಿನ ತಿಂಡಿಗೆ ರಾಗಿ ದೋಸೆ, ಕಾಫಿ. ಸಂಜೆ ಐದಕ್ಕೆ ಹಾಲು ಹಾಕಿದ ರಾಗಿ ಮಾಲ್ಟ್. ಅಲ್ಲಿ ಅವರವರೇ ಹೊಡೆದಾಡಿಕೊಳ್ಳಲಿ.

ಮಾತ್ರೆಯಲ್ಲೂ ಎರಡು ಬಗೆ. ಕ್ಯಾಲ್ಸಿಯಂ ಕಾರ್ಬೊನೇಟ್ ಅಗ್ಗ, ಅದು ಕರಗಲು ಹೊಟ್ಟೆಯ ಆಮ್ಲ ಬೇಕು, ಹಾಗಾಗಿ ಊಟದ ಜೊತೆಗೇ ತಗೊಳ್ಳಬೇಕು. ಸಿಟ್ರೇಟ್ ದುಬಾರಿ, ಯಾವಾಗಾದರೂ ನುಂಗಬಹುದು. ಆಸಿಡಿಟಿಗೆ ದಿನಾ ಮಾತ್ರೆ ತಗೊಳ್ಳುವವರಿಗೆ ಸಿಟ್ರೇಟ್ ವಾಸಿ. ಮೆಡಿಕಲ್ ಶಾಪಿನಲ್ಲಿ ಡಬ್ಬಿಯ ಮೇಲೆ 1250 ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಕಾರ್ಬೊನೇಟಿನ ತೂಕ. ಅದರಲ್ಲಿ ನಿಜವಾದ ಕ್ಯಾಲ್ಸಿಯಂ 40 ಶೇಕಡಾ, ಅಂದರೆ 500. ಒಂದು ಸಲಕ್ಕೆ 500ಕ್ಕಿಂತ ಜಾಸ್ತಿ ತಗೊಂಡರೆ ಹೀರುವ ಪ್ರಮಾಣ ಇಳಿಯುತ್ತದೆ. ಅದಕ್ಕೇ ಎರಡು ಹೊತ್ತಿಗೆ ಹಂಚಿ ಕೊಡುವುದು.

ಯಾರಿಗೆ ಈ ತಲೆನೋವು ಬೇಡ

ಹಿಮೋಗ್ಲೋಬಿನ್ ಚೆನ್ನಾಗಿದ್ದು, ಎಲ್ಲ ತಿನ್ನುವ ಗಂಡಸರು ಸುಮ್ನೆ ಊಟ ಮಾಡಿ. ಒಂದು ಊಟದಲ್ಲಿ ಅಳೆದರೆ ದೊಡ್ಡದಾಗಿ ಕಾಣುವ ಈ ಅಡ್ಡಿ ತಿಂಗಳುಗಟ್ಟಲೆ ಅಳೆದರೆ ಮಾಸಿಹೋಗುತ್ತದೆ. ಆರೋಗ್ಯವಂತರು ವಾರಗಟ್ಟಲೆ, ತಿಂಗಳುಗಟ್ಟಲೆ ಕ್ಯಾಲ್ಸಿಯಂ ಮಾತ್ರೆ ನುಂಗಿದ ಪ್ರಯೋಗಗಳಲ್ಲಿ ಮೈಯಲ್ಲಿನ ಕಬ್ಬಿಣದ ಕೂಡಿಕೆ ಇಳಿಯಲಿಲ್ಲ. ಕಬ್ಬಿಣ ಕಮ್ಮಿಯಾದರೆ ಕರುಳೇ ಜಾಸ್ತಿ ಎಳೆದುಕೊಳ್ಳುತ್ತದೆ. ಗಡಿಯಾರ ನೋಡಬೇಕಾದವರು ಬಸುರಿಯರು, ಮುಟ್ಟಿನಲ್ಲಿ ಜಾಸ್ತಿ ಹೋಗುವವರು, ರಕ್ತ ಕಮ್ಮಿ ಅಂತ ಆಗಲೇ ಗೊತ್ತಾದವರು.

ಮತ್ತೆ ಪುಟ್ಟ ಮಕ್ಕಳು. ಊಟ ಮಾಡಲ್ಲ, ಹಾಲಾದರೂ ಕುಡೀಲಿ ಅಂತ ಅಜ್ಜಿಯರು ದಿನಕ್ಕೆ ಐದಾರು ಲೋಟ ಕೊಡುತ್ತಾರೆ. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ತುಂಬಿದ ಮಗು ಅನ್ನ, ಸೊಪ್ಪು ಮುಟ್ಟುವುದಿಲ್ಲ. ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಒಳಗಿರಲಿ. ಶಾಲೆಯಲ್ಲಿ 2013ರಿಂದ ಕೊಡುತ್ತಿರುವ ಕ್ಷೀರಭಾಗ್ಯದ ಹಾಲು ಬೆಳಿಗ್ಗೆ, ಬಿಸಿಯೂಟ ಮಧ್ಯಾಹ್ನ. ಅಲ್ಲಿ ಚಿಂತೆ ಇಲ್ಲ.

ಥೈರಾಯ್ಡ್ ಮಾತ್ರೆಯೂ ಇದ್ದರೆ

ಶಿವಮೊಗ್ಗದಲ್ಲಿ ನಮ್ಮ ಮನೆ ಹತ್ತಿರವೇ ಇರುವ ಚಿಕ್ಕಮ್ಮನಿಗೆ ಮೂರೂ ಇವೆ: ಥೈರಾಯ್ಡ್, ಕಬ್ಬಿಣ, ಕ್ಯಾಲ್ಸಿಯಂ. ಥೈರಾಯ್ಡ್ ಮಾತ್ರೆಗೆ ಕಬ್ಬಿಣವೂ ಆಗದು, ಕ್ಯಾಲ್ಸಿಯಂ ಕೂಡ ಆಗದು. ಎರಡರಿಂದಲೂ ನಾಲ್ಕು ಗಂಟೆ ದೂರ ಬೇಕು. ಡಾಕ್ಟರನ್ನು ಕೇಳಿ ಹೀಗೆ ಕೂರಿಸಿದೆವು. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್, ನೀರಿನ ಜೊತೆ. ಒಂದು ಗಂಟೆ ಬಿಟ್ಟು ಕಾಫಿ, ಆಮೇಲೆ ತಿಂಡಿ. ಮಧ್ಯಾಹ್ನದ ಊಟದ ಜೊತೆ ಕ್ಯಾಲ್ಸಿಯಂ. ಸಂಜೆ ಹಾಲು. ಎಂಟಕ್ಕೆ ರಾತ್ರಿ ಊಟ, ಹತ್ತಕ್ಕೆ ಕಬ್ಬಿಣ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಆರೂವರೆಯ ಕಾಫಿ ಮಾತ್ರ ಒಂದು ನಿಮಿಷವೂ ತಡ ಮಾಡೋದಿಲ್ಲ ಅಂತ ಹಟ. ಅದಕ್ಕೆ ಐದೂವರೆಗೆ ಅಲಾರಾಂ ಇಟ್ಟು, ಮಾತ್ರೆ ನುಂಗಿ, ಮತ್ತೆ ಹೊದ್ದು ಮಲಗುತ್ತಾರೆ.